ಕಟ್ಟಿಗೆಯ ಹುಟ್ಟಿನ ಮೇಲೆ ಹೊರಿಸಿದ ಅಪವಾದ

ಕಟ್ಟಿಗೆಯ ಹುಟ್ಟು ಕೊಳೆಯನ್ನು ಹೀರಿಟ್ಟುಕೊಳ್ಳುತ್ತದೆ, ಆದುದರಿಂದ ಸುಶಿಕ್ಷಿತರ ಅಡಿಗೆಮನೆಯಲ್ಲಿ ಅದಕ್ಕೆ ಸ್ಥಾನವಿಲ್ಲ ಎಂಬ ಮಾತನ್ನು ನಮ್ಮ ಉಪಾಧ್ಯಾಯ ಬಂಧುಗಳ ಬಾಯಿಂದಲೇ ಕೇಳುವಂತಾಗಿದೆ. ಆರೋಗ್ಯದ ಪಾಠದಲ್ಲಿ ಇದನ್ನು ಸಿದ್ಧಾಂತವೆಂಬಂತೆ ಬರೆಯಿಸುವವರೂ ಇದ್ದಾರೆ. ಅದೇ ಮಹನೀಯರು ಶಾಲೆಯ ಸಮಾರಂಭದ ದಿನ, ಒಮ್ಮೆ ಬಾಯಿಗಿಟ್ಟು ಬಿಸಾಡುವ ಮರದ ಚಮಚಗಳನ್ನು ಕಟ್ಟುಕಟ್ಟಾಗಿ ತರಿಸಿ, ತಾವು ಪರಿಸರವನ್ನು ರಕ್ಷಿಸಿದೆವೆಂದು ವೇದಿಕೆಯ ಮೇಲೆ ಹೇಳುತ್ತಾರೆ. ಹತ್ತು ವರ್ಷ ಬಾಳುವ ಕಟ್ಟಿಗೆ ಅಶುದ್ಧ, ಹತ್ತು ನಿಮಿಷ ಬಾಳುವ ಕಟ್ಟಿಗೆ ಪವಿತ್ರ! ಈ ತರ್ಕವನ್ನು ನಾವು ಒಪ್ಪಲಾರೆವು.

ಕೊಳೆಯ ಮಾತನ್ನೇ ಮೊದಲು ನೋಡೋಣ. ಅಮೆರಿಕೆಯ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಡೀನ್ ಕ್ಲೈವರ್ ಮತ್ತು ಅವರ ಸಹೋದ್ಯೋಗಿಗಳು ತರಕಾರಿ, ಮಾಂಸ ಹೆಚ್ಚುವ ಹಲಗೆಗಳನ್ನು ಪರೀಕ್ಷಿಸಿ 1994ರಲ್ಲಿ ತಮ್ಮ ಫಲಿತಾಂಶಗಳನ್ನು ಪ್ರಕಟಿಸಿದರು. ಮರದ ಹಲಗೆಯ ಮೇಲೆ ಬಿದ್ದ ರೋಗಾಣುಗಳು ಒಳಕ್ಕಿಳಿದು, ಮೇಲ್ಮೈಯಿಂದ ಮತ್ತೆ ದೊರೆಯುವುದು ಬಹಳ ಕಡಿಮೆಯಾಯಿತು. ಚಾಕುವಿನ ಗೀರು ಬಿದ್ದ ಪ್ಲಾಸ್ಟಿಕ್ ಹಲಗೆಯನ್ನು ತೊಳೆದು ಶುದ್ಧಗೊಳಿಸುವುದೇ ಕಷ್ಟವಾಯಿತು. ಅದು ಹಲಗೆಯ ಪರೀಕ್ಷೆ, ಹುಟ್ಟಿನದಲ್ಲವೆಂದು ಆಕ್ಷೇಪಿಸಬಹುದು. ಸರಿಯೇ. ಆದರೆ ಕಟ್ಟಿಗೆಯೆಂದೊಡನೆ ರೋಗಾಣುಗಳ ಬೀಡೆನ್ನುವ ವಾದ ಇನ್ನು ನಿಲ್ಲಲಾರದು. ಒದ್ದೆಯಾಗಿಯೇ ಮೂಲೆಗೆ ಬಿದ್ದ ಹುಟ್ಟು ಬೂಸು ಹಿಡಿಯುವುದು ಬಳಸಿದವರ ಸೋಮಾರಿತನದ ಫಲ.

ಜಹೀರಾಬಾದ, ನಾರಾಯಣಖೇಡಗಳು 1956ರವರೆಗೆ ಬೀದರ ಜಿಲ್ಲೆಗೆ ಸೇರಿದ್ದವು, ತಾಂಡೂರು ಕಲಬುರ್ಗಿಗೆ. ರಾಜ್ಯ ಬದಲಾಯಿತು, ಒಲೆಯ ಮೇಲಿನ ಪದಾರ್ಥ ಬದಲಾಗಲಿಲ್ಲ. ಜೋಳದ ನುಚ್ಚು ತಳ ಹಿಡಿಯದಂತೆ ಕೈಯಾಡಿಸುವಾಗ ಲೋಹದ ಹಿಡಿ ಸುಡುತ್ತದೆ, ಕಟ್ಟಿಗೆಯದು ಸುಡುವುದಿಲ್ಲ. ಪುಂಡಿಪಲ್ಯದ ಹುಳಿ ಅಲ್ಯೂಮಿನಿಯಮ್ಮನ್ನು ಕರಗಿಸುತ್ತದೆ, ಕಟ್ಟಿಗೆಯನ್ನು ಕರಗಿಸದು. ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತೆಂದು ನಾವು ಹಿಗ್ಗಿದೆವು. ಆದರೆ ಆ ಬೇಳೆಯನ್ನು ಕಡೆಯುವ ಕಡಗೋಲಿನ ಹೆಸರನ್ನೇ ಅರಿಯದ ಮಕ್ಕಳು ನಮ್ಮ ಕನ್ನಡ ತರಗತಿಗಳಲ್ಲಿದ್ದಾರೆ. ವಸ್ತುವನ್ನು ಮನೆಯಿಂದ ಹೊರಗೆ ಹಾಕಿ ಪದವನ್ನು ನಿಘಂಟಿನಲ್ಲಿ ಹುಡುಕಿಸುವುದು ಎಂಥ ಭಾಷಾಸೇವೆ?

ಆರಿಸುವುದರಲ್ಲಿಯೂ ನಾವು ಮೋಸಹೋಗುತ್ತೇವೆ. ವಾರ್ನಿಶಿನ ಹೊಳಪಿಗೆ ಮರುಳಾಗಿ ಸಂತೆಯಲ್ಲಿ ಕೊಂಡ ಹುಟ್ಟು ಕುದಿಯುವ ಸಾರಿನಲ್ಲಿ ಸಿಪ್ಪೆ ಬಿಡುತ್ತದೆ. ಆ ಸಿಪ್ಪೆಯನ್ನು ಉಂಡು ಕಟ್ಟಿಗೆಯನ್ನು ಬಯ್ಯುತ್ತೇವೆ. ಬಣ್ಣವಿಲ್ಲದ್ದನ್ನೇ ಕೇಳಿ ಕೊಳ್ಳಬೇಕು. ಎಳೆ ಹಿಡಿಯಿಂದ ಬಾಯಿಯವರೆಗೆ ಉದ್ದಕ್ಕೆ ಓಡಿರಬೇಕು. ಕುತ್ತಿಗೆಯ ಬಳಿ ಅಡ್ಡಹಾಯ್ದಿದ್ದರೆ ಅಲ್ಲಿಯೇ ಮುರಿಯುತ್ತದೆ. ಹುಣಸೆ, ಜಾಲಿಗಳ ಕಟ್ಟಿಗೆ ಗಟ್ಟಿ. ಮಾವು ಅಷ್ಟು ಬಾಳದು. ಹಸಿಯೋ ಒಣಗಿದ್ದೋ ಎಂದು ಬಡಿಗರನ್ನು ಕೇಳಲು ನಾಚಬೇಕಾಗಿಲ್ಲ.

ಹೊಸ ಹುಟ್ಟನ್ನು ನೀರಿನಲ್ಲಿ ಅದ್ದಿ ಒಣಗಿಸಿದರೆ ನವಿರೆದ್ದು ಒರಟಾಗುತ್ತದೆ. ಅದನ್ನು ಮರಳುಕಾಗದದಿಂದ ಎಳೆಯ ಗುಂಟ ಉಜ್ಜಬೇಕು. ಬಳಿಕ ಎಣ್ಣೆ. ಇಲ್ಲಿ ನಮ್ಮವರು ಕೈಗೆ ಸಿಕ್ಕ ಶೇಂಗಾ ಎಣ್ಣೆಯನ್ನು ಸವರಿ, ಅದು ಅಂಟಂಟಾಗಿ ಕಮಟು ನಾರಿದಾಗ ಮತ್ತೆ ಕಟ್ಟಿಗೆಯನ್ನೇ ದೂರುತ್ತಾರೆ. ಶೇಂಗಾ ಎಣ್ಣೆ ಒಣಗುವ ಜಾತಿಯದಲ್ಲ. ಅಗಸೆಯ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಕೂಡಿ ಗಟ್ಟಿಯಾಗುತ್ತದೆ. ಕುಸುಬೆಯದೂ ನಿಧಾನವಾಗಿ ಹಾಗೆಯೇ. ಎರಡೂ ನಮ್ಮ ಕರಿನೆಲದ ಬೆಳೆಗಳೇ. ಬಣ್ಣದ ಅಂಗಡಿಯ ಅಗಸೆ ಎಣ್ಣೆ ಬೇಡ, ಗಾಣದ್ದು ಬೇಕು. ತೆಳ್ಳಗೆ ಸವರಿ, ಮಿಕ್ಕುದನ್ನು ಒರೆಸಿ, ಕೆಲವು ದಿನ ನೆರಳಿನಲ್ಲಿ ಇಡಬೇಕು. (ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಎಸೆಯಬಾರದು, ಅಗಸೆ ಎಣ್ಣೆಯ ಬಟ್ಟೆ ತಾನಾಗಿ ಹೊತ್ತಿಕೊಳ್ಳುವುದುಂಟು.) ರಾತ್ರಿಯೆಲ್ಲ ನೀರಿನಲ್ಲಿ ನೆನೆಹಾಕಿದ ಹುಟ್ಟು ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಅನ್ನ ಸಿಕ್ಕಿಕೊಳ್ಳುವಂತಾದರೆ ಒಲೆಗೆ ಹಾಕಿ. ಅಲ್ಲಿ ಮಮಕಾರ ಬೇಡ.

ಇನ್ನು ಆ ಚಮಚದ ಮಾತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಚಮಚಗಳನ್ನು ಭಾರತ ಸರಕಾರ ನಿಷೇಧಿಸಿತು, ಮೆಚ್ಚತಕ್ಕದ್ದೇ. ಆದರೆ ಬಿಸಾಡುವ ಚಟವನ್ನು ಪ್ಲಾಸ್ಟಿಕ್ಕಿನಿಂದ ಮರಕ್ಕೆ ವರ್ಗಾಯಿಸಲು ಅದು ರಹದಾರಿಯಲ್ಲ. ಎರಡು ಕಡ್ಡಿಗಳಿಂದ ಉಣ್ಣುವ ಚೀನ ದೇಶವೇ 2006ರಲ್ಲಿ ಬಿಸಾಡುವ ಮರದ ಕಡ್ಡಿಗಳ ಮೇಲೆ ಶೇಕಡಾ 5ರ ತೆರಿಗೆ ವಿಧಿಸಿತು. ಕೈಯಿಂದ ಉಣ್ಣುವ ನಮಗೆ ಈ ಚಮಚದ ಹಂಗೇಕೆ? ಮುಂದಿನ ವಾರ್ಷಿಕೋತ್ಸವಕ್ಕೆ ಪ್ರತಿಯೊಂದು ಶಾಲೆಯೂ ಬಡಿಸಲು ನಾಲ್ಕು ಹುಟ್ಟುಗಳನ್ನು ಬಡಿಗರಿಂದ ಕೆತ್ತಿಸಲಿ. ಅವನ್ನು ಉಜ್ಜಿ ಎಣ್ಣೆ ಸವರುವುದನ್ನು ಕೈಕೆಲಸದ ತಾಸಿಗೆ ಸೇರಿಸಲಿ. ಖರ್ಚಿನ ಲೆಕ್ಕ ಕೇಳುವವರು ಮೊದಲು ಚಮಚದ ಕಟ್ಟುಗಳ ಬಿಲ್ಲನ್ನು ತೋರಿಸಲಿ.