ಬಾಣಂತಿಯರ ಮರಣವೂ ಸ್ವತಂತ್ರ ವಿಚಾರಣೆಯೂ

2024ನೆಯ ಇಸವಿಯ ಅಕ್ಟೋಬರ ತಿಂಗಳಲ್ಲಿ ಸಿಂಧನೂರಿನ ತಾಲೂಕು ದವಾಖಾನೆಯಲ್ಲಿ ಶಸ್ತ್ರಕ್ರಿಯೆಯಿಂದ ಹೆರಿಗೆಯಾದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ನವೆಂಬರದಲ್ಲಿ ಬಳ್ಳಾರಿಯ ಜಿಲ್ಲಾ ದವಾಖಾನೆಯಲ್ಲಿ ಹೆರಿಗೆಯಾದ ಐವರು ತಾಯಂದಿರು ಅದೇ ಬಗೆಯಾಗಿ ಅಸುನೀಗಿದರು. ಬಳ್ಳಾರಿಯ ಸುದ್ದಿಯು ನಾಡನ್ನೆಲ್ಲ ಅಲುಗಿಸಿದ ಮೇಲೆಯೇ ಸಿಂಧನೂರಿನ ಸಾವುಗಳು ರಾಜಧಾನಿಯ ಕಿವಿಗೆ ಬಿದ್ದುವು. ಮೊದಲು ಸಂಭವಿಸಿದ ಸಾವು ಹಿಂದೆ ತಿಳಿಯಬೇಕಾದರೆ, ಸಾವನ್ನು ಎಣಿಸುವ ನಮ್ಮ ಏರ್ಪಾಡಿನಲ್ಲಿಯೇ ಏನೋ ಊನವಿರಬೇಕಲ್ಲವೆ?

ಅನಂತರ ಸರಕಾರದವರು ಬಾಣಂತಿಯರ ಮರಣಗಳ ಪರಿಶೋಧನೆಯನ್ನು ಮಾಡಿಸಿ, 2025ರಲ್ಲಿ ಅದರ ಫಲಿತವನ್ನು ಪ್ರಕಟಿಸಿದರು. 2024ರ ಏಪ್ರಿಲದಿಂದ ಡಿಸೆಂಬರದ ವರೆಗೆ ರಾಜ್ಯದಲ್ಲಿ ಸಂಭವಿಸಿದ 464 ಮರಣಗಳನ್ನು ಪರಿಶೀಲಿಸಲಾಗಿ, ನೂರಕ್ಕೆ ಸುಮಾರು 70ರಷ್ಟನ್ನು ತಪ್ಪಿಸಬಹುದಾಗಿತ್ತೆಂದೂ, 18 ಮರಣಗಳಲ್ಲಿ ನರಕ್ಕೆ ಏರಿಸಿದ ಸಲಾಯಿನ್ ದ್ರವದ ಮೇಲೆ ಶಂಕೆಯುಂಟೆಂದೂ ಕಂಡುಬಂದಿತು. ತಪ್ಪಿಸಬಹುದಾಗಿದ್ದ ಸಾವನ್ನು ವಿಧಿಯ ತಲೆಗೆ ಕಟ್ಟಿ ಕೂಡ್ರಲು ಯಾರಿಗೂ ಅಧಿಕಾರವಿಲ್ಲ. ಈ ಕಹಿಯಾದ ಮಾತನ್ನು ಮುಚ್ಚಿಡದೆ ಹೇಳಿದ್ದಕ್ಕಾಗಿ ಸರಕಾರವನ್ನು ನಾವು ಅಭಿನಂದಿಸುತ್ತೇವೆ.

ಆದರೆ ಅಭಿನಂದನೆಯೊಡನೆ ಒಂದು ಪ್ರಶ್ನೆಯನ್ನೂ ಕೇಳದೆ ಗತ್ಯಂತರವಿಲ್ಲ. ಔಷಧವನ್ನು ಕೊಂಡವರು, ಅದರ ಗುಣವನ್ನು ಪರೀಕ್ಷಿಸಿದವರು, ತಾಲೂಕು ದವಾಖಾನೆಯಲ್ಲಿ ಅದನ್ನು ರೋಗಿಗೆ ಕೊಟ್ಟವರು, ಕೊನೆಗೆ ಸಾವಿನ ಲೆಕ್ಕವನ್ನು ತೆಗೆಯಿಸಿದವರು ಎಲ್ಲರೂ ಒಂದೇ ಇಲಾಖೆಯ ನೆರಳಿನಲ್ಲಿರುವವರು. ರಾಜ್ಯದ ಪ್ರಯೋಗಶಾಲೆಯು ಕಳಪೆಯೆಂದ ಸರಕಿನಲ್ಲಿ ಕೆಲವನ್ನು ಕೇಂದ್ರದ ಪ್ರಯೋಗಶಾಲೆಯು ಯೋಗ್ಯವೆಂದಿತು. ಸರಕಾರಿ ಶಾಲೆಗಳೆರಡೂ ಪರಸ್ಪರ ವಿರೋಧವಾಗಿ ನುಡಿದರೆ, ಲಿಂಗಸುಗೂರಿನ ಬಡ ಗರ್ಭಿಣಿಯು ಯಾರ ಮಾತನ್ನು ನಂಬಬೇಕು? ತನ್ನ ಬೆನ್ನು ತನಗೆ ಕಾಣದು. ಸಿಂಧನೂರಿನ ಭತ್ತದ ಪೇಟೆಯಲ್ಲಿ ವ್ಯಾಪಾರಿಯು ತನ್ನ ತೂಕದ ಕಲ್ಲನ್ನು ತಾನೇ ಪರೀಕ್ಷಿಸಿ ತಾನೇ ಮುದ್ರೆಯೊತ್ತಿಕೊಂಡರೆ ರೈತನು ಒಪ್ಪುವದಿಲ್ಲ. ಆ ವ್ಯಾಪಾರಿ ಪ್ರಾಮಾಣಿಕನಾಗಿದ್ದರೂ ಒಪ್ಪುವದಿಲ್ಲ. ಭತ್ತಕ್ಕೆ ಸಲ್ಲುವ ನ್ಯಾಯವು ಪ್ರಾಣಕ್ಕೆ ಸಲ್ಲಬಾರದೆ?

ಸ್ವತಂತ್ರ ವಿಚಾರಣೆಯೆಂಬುದು ಹೊಸ ಕಲ್ಪನೆಯಲ್ಲ. ಇಂಗ್ಲೆಂಡಿನಲ್ಲಿ 1952ರಿಂದ ಪ್ರತಿಯೊಂದು ಬಾಣಂತಿಯ ಮರಣವನ್ನೂ ಹೆಸರು ಮರೆಸಿ ತಜ್ಞರು ಪರಿಶೀಲಿಸುತ್ತ ಬಂದಿರುವರು. ಅಷ್ಟು ದೂರ ಹೋಗುವದೇಕೆ? ನಮ್ಮ ನೆರೆಯ ಕೇರಳದಲ್ಲಿ 2004ರಿಂದ ಪ್ರಸೂತಿ ವೈದ್ಯರ ಸಂಘವೇ ಸರಕಾರದ ಸಹಕಾರದಿಂದ ಈ ಕಾರ್ಯವನ್ನು ಕೈಕೊಂಡಿತು. ಅಲ್ಲಿ ಯಾರನ್ನು ದಂಡಿಸಬೇಕೆಂಬುದು ಪ್ರಶ್ನೆಯಲ್ಲ, ಎಲ್ಲಿ ತಡವಾಯಿತು, ಯಾವ ಕೊರತೆಯಿಂದ ತಾಯಿ ಸತ್ತಳೆಂಬುದೇ ಪ್ರಶ್ನೆ. 2018-20ರ ಗಣನೆಯಂತೆ ಒಂದು ಲಕ್ಷ ಜೀವಂತ ಜನನಗಳಿಗೆ ಕರ್ನಾಟಕದಲ್ಲಿ 69 ತಾಯಂದಿರು ಮಡಿದರೆ ಕೇರಳದಲ್ಲಿ ಮಡಿದವರು 19. ಈ ಅಂತರವೆಲ್ಲವೂ ವಿಚಾರಣೆಯೊಂದರ ಫಲವೆಂದು ನಾವು ಹೇಳುವದಿಲ್ಲ. ಆದರೆ ತನ್ನ ತಪ್ಪನ್ನು ಹೊರಗಿನವರ ಕಣ್ಣಿನಿಂದ ನೋಡಿಕೊಳ್ಳುವ ನಾಡು ಅದನ್ನು ಬೇಗ ತಿದ್ದಿಕೊಳ್ಳುವದೆಂಬುದು ನಮ್ಮ ನಂಬುಗೆ.

ಸಮಿತಿಗಳಿಗೆ ನಮ್ಮಲ್ಲಿ ಬಡತನವಿಲ್ಲವಲ್ಲ, ಮತ್ತೊಂದೇಕೆ ಎಂದು ಅಧಿಕಾರಿವರ್ಗದವರು ಕೇಳಬಹುದು. ನಿಜ. ಡಾಕ್ಟರ್ ಸುದರ್ಶನರ ಆರೋಗ್ಯ ಕಾರ್ಯಪಡೆಯು 2001ರಲ್ಲಿಯೂ, ಡಾಕ್ಟರ್ ನಂಜುಂಡಪ್ಪನವರ ಸಮಿತಿಯು 2002ರಲ್ಲಿಯೂ ನಮ್ಮ ಭಾಗದ ಕೊರತೆಗಳನ್ನು ಸ್ಪಷ್ಟವಾಗಿ ತೋರಿಸಿಕೊಟ್ಟಿವೆ. 2011ರಲ್ಲಿ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರವೂ ಸ್ಥಾಪಿತವಾಯಿತು. ಹೊರಗಿನ ಸಂಸ್ಥೆಗಳಿಂದ ಯೋಜನೆಗಳ ಪರೀಕ್ಷೆಯನ್ನು ಮಾಡಿಸುವದೇ ಅದರ ಕೆಲಸ. ಆದರೆ ಸಲಹೆಗಾರರು ಇಂಗ್ಲಿಷಿನಲ್ಲಿ ಬರೆದ ದಪ್ಪ ವರದಿಯು ಬೆಂಗಳೂರಿನ ಕಪಾಟು ಸೇರಿದರೆ, ಮಸ್ಕಿಯ ಆಶಾ ಕಾರ್ಯಕರ್ತೆಗೆ ಅದರಿಂದ ಬಂದ ಲಾಭವೇನು? ಕೊರತೆಯಿರುವದು ಸಮಿತಿಗಳಿಗಲ್ಲ, ಸ್ವಾತಂತ್ರ್ಯಕ್ಕೆ, ಪ್ರಕಟನೆಗೆ, ಉತ್ತರ ಕೊಡಬೇಕೆಂಬ ಕಟ್ಟಿಗೆ.

ಆದುದರಿಂದ ನಮ್ಮ ಸೂಚನೆಯಿದು. ರಾಯಚೂರು ಜಿಲ್ಲೆಗೆ ಒಂದು ಸ್ಥಾಯಿಯಾದ ಸ್ವತಂತ್ರ ಪರಿಶೀಲನ ಮಂಡಳಿಯು ಬೇಕು. ಅದರಲ್ಲಿ ಸರಕಾರಿ ಸೇವೆಯ ಹೊರಗಿನ ಪ್ರಸೂತಿ ತಜ್ಞರೂ, ಔಷಧಶಾಸ್ತ್ರವನ್ನು ಬಲ್ಲವರೂ, ಅನುಭವಿಯಾದ ದಾದಿಯೊಬ್ಬಳೂ ಇರಬೇಕು. ಅದರ ವೆಚ್ಚವು ಆರೋಗ್ಯ ಇಲಾಖೆಯಿಂದ ಬರಬಾರದು. ಸಂವಿಧಾನದ 371ಜೆ ಕಲಮಿನ ಮೇರೆಗೆ ಏರ್ಪಟ್ಟ ಪ್ರದೇಶಾಭಿವೃದ್ಧಿ ಮಂಡಳಿಯ ನಿಧಿಯಿಂದ ಒಂದು ಸಣ್ಣ ಪಾಲು ಇದಕ್ಕೆ ಸಾಕು. ಸತ್ತವಳ ಮನೆಯವರ ಮಾತನ್ನು, ಕ್ಯಾಂಪುಗಳಲ್ಲಿ ನೆಲೆಸಿದ ಅನ್ಯಭಾಷಿಕರ ಮಾತನ್ನೂ ಸಹ, ಅದು ಕೇಳಬೇಕು. ವರದಿಯು ಹೆಸರುಗಳನ್ನು ಬಿಟ್ಟು ಕನ್ನಡದಲ್ಲಿ ಅಚ್ಚಾಗಿ ತಾಲೂಕು ಕಚೇರಿಯಲ್ಲಿ ದೊರೆಯಬೇಕು. ಇಲಾಖೆಯು ಮೂರು ತಿಂಗಳೊಳಗಾಗಿ ಅದಕ್ಕೆ ಬರಹದ ಉತ್ತರವನ್ನು ಕೊಡಬೇಕು. ಪ್ರಾಮಾಣಿಕ ವೈದ್ಯರು ಇದಕ್ಕೆ ಅಂಜಬೇಕಾಗಿಲ್ಲ. ಕೆಟ್ಟ ಔಷಧದ ಅಪವಾದವನ್ನು ಇಂದು ಹೊರುತ್ತಿರುವವರು ಅವರೇ. ಸತ್ಯವು ಹೊರಬಿದ್ದರೆ ಮೊದಲು ಬಿಡುಗಡೆ ಹೊಂದುವವರೂ ಅವರೇ.

1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಶಿಲೆಯು ಅಶೋಕನ ಹೆಸರನ್ನು ಲೋಕಕ್ಕೆ ಖಚಿತವಾಗಿ ತಿಳಿಸಿತೆಂದು ನಾವು ಹೆಮ್ಮೆಪಡುತ್ತೇವೆ. ಆತನು ಕಳಿಂಗದ ಅಧಿಕಾರಿಗಳಿಗೆಂದು ಬರೆಸಿದ ಶಾಸನವು ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿಯೂ ದೊರೆತಿದೆ. ನಗರಾಧಿಕಾರಿಗಳು ಪ್ರಜೆಗಳನ್ನು ಅಕಾರಣವಾಗಿ ಪೀಡಿಸದಂತೆ ನೋಡಿಕೊಳ್ಳಲು ಐದು ವರುಷಕ್ಕೊಮ್ಮೆ ಮೃದುಸ್ವಭಾವದ ಅಧಿಕಾರಿಯೊಬ್ಬನನ್ನು ಕಳಿಸುವೆನೆಂಬುದು ಆ ಶಾಸನದ ತಾತ್ಪರ್ಯ. ಅರಸನೇ ತನ್ನ ಆಳುಗಳ ಮಾತೊಂದನ್ನೇ ನೆಚ್ಚಲಿಲ್ಲ. ಪ್ರಜೆಗಳಾದ ನಾವು ನೆಚ್ಚುವದೆಂತು? ಮೂರೂ ತಾಲೂಕುಗಳ ಶಾಸಕರು ಪಕ್ಷಭೇದವನ್ನು ಬದಿಗಿಟ್ಟು ಮುಂದಿನ ಅಧಿವೇಶನದಲ್ಲಿ ಈ ಬೇಡಿಕೆಯನ್ನು ಮಂಡಿಸಬೇಕು. ಮಂಡಿಸುವ ವರೆಗೆ ಊರ ಮಹಾಜನರು ಅವರನ್ನು ಕೇಳುತ್ತಲೇ ಇರಬೇಕು.