‘ಏನೂ ಇಲ್ಲ, ಬರೀ ಟೆನ್ಷನ್ನು’ ಅಂದರೆ ಸಾಕೆ?

ಕೈ ನಡುಗುತ್ತೆ, ಕಾಲು ಜುಮ್ಮೆನ್ನುತ್ತೆ, ತಲೆ ಸುತ್ತುತ್ತೆ. ಸ್ಕ್ಯಾನಿಂಗ್ ಆಯ್ತು, ರಕ್ತ ಪರೀಕ್ಷೆ ಆಯ್ತು. ‘ಏನೂ ಇಲ್ಲ, ಟೆನ್ಷನ್ ಮಾಡ್ಕೋಬೇಡಿ’ ಎಂದು ಡಾಕ್ಟರು ಕಳಿಸಿಬಿಡುತ್ತಾರೆ. ಮನೆಗೆ ಬಂದರೆ ನಡುಕ ಹಾಗೇ ಇದೆ. ಜೂಜುವಾಡಿ, ಹೊಸೂರು ಕಡೆಯ ನಮ್ಮ ಕನ್ನಡ ಮನೆಗಳಿಗೆ ಇದು ಹೊಸ ಮಾತಲ್ಲ. ಸಿಪ್ಕಾಟ್ ಪಾಳಿ ತಪ್ಪಿಸಿ, ಗುಲಾಬಿ ತೋಟದ ಕೂಲಿ ಕಳಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವುದೂ ಹೊಸದಲ್ಲ.

‘ಏನೂ ಇಲ್ಲ’ ಎಂಬುದು ರೋಗದ ಹೆಸರಲ್ಲ. ನರದ್ದೋ, ಆತಂಕದ್ದೋ ಎಂದು ತಿಳಿಯಲು ದಾರಿಗಳಿವೆ. ಪಾರ್ಕಿನ್‌ಸನ್ ಕಾಯಿಲೆಯ ನಡುಕ ಸಾಮಾನ್ಯವಾಗಿ ಒಂದು ಕಡೆಯಿಂದ ಶುರು. ಕೈಯನ್ನು ತೊಡೆಯ ಮೇಲೆ ಸುಮ್ಮನೆ ಇಟ್ಟಾಗಲೇ ಹೆಚ್ಚು. ಗಾಬರಿಯ ನಡುಕ ಎರಡೂ ಕೈಗೆ, ಕೈ ಚಾಚಿದಾಗ. (ಥೈರಾಯ್ಡ್ ಹೆಚ್ಚಾದರೂ ಹೀಗೇ, ಆದ್ದರಿಂದ ಆ ಪರೀಕ್ಷೆ ಬಿಡಬೇಡಿ.) ಗಾಬರಿಯಲ್ಲಿ ಉಸಿರು ಜೋರಾದರೆ ತುಟಿ ಸುತ್ತ, ಬೆರಳುಗಳಲ್ಲಿ ಜುಮ್ಮು ಹಿಡಿಯುತ್ತದೆ, ಉಸಿರು ತಹಬಂದಿಗೆ ಬಂದರೆ ಇಳಿಯುತ್ತದೆ. ಕಾಲ್ಬೆರಳಲ್ಲಿ ಶುರುವಾಗಿ ತಿಂಗಳುಗಟ್ಟಲೆ ಮೇಲೇರುವ ಜುಮ್ಮು ಬೇರೆ. ಅಲ್ಲಿ ಸಕ್ಕರೆ ಕಾಯಿಲೆ, ಬಿ12 ಕೊರತೆ ಹುಡುಕಬೇಕು. ರಾತ್ರಿ ಹೆಬ್ಬೆರಳು, ತೋರುಬೆರಳು ಮರಗಟ್ಟಿ ಎಚ್ಚರವಾದರೆ ಮಣಿಕಟ್ಟಿನಲ್ಲಿ ನರ ಒತ್ತಿರಬಹುದು. ದಿನವಿಡೀ ಕತ್ತರಿ ಹಿಡಿಯುವ ಹೆಂಗಸರು ಗಮನಿಸಲಿ. ಇವು ತಲೆ ಸ್ಕ್ಯಾನಿಂಗ್‌ನಲ್ಲಿ ಸಿಗುವಂಥವಲ್ಲ. ಪಾರ್ಕಿನ್‌ಸನ್ ಕೂಡ ಮಾಮೂಲಿ ಎಂಆರ್‌ಐನಲ್ಲಿ ಸಾಮಾನ್ಯವಾಗಿ ಕಾಣದು. ಡಾಕ್ಟರು ಕೈಕಾಲು ಮುಟ್ಟಿ, ನಡೆಸಿ ನೋಡಬೇಕು. ದುಡ್ಡು ಸುರಿದು ಮೂರನೇ ಸ್ಕ್ಯಾನಿಂಗ್ ಮಾಡಿಸುವುದಕ್ಕಿಂತ ಅದು ಮೇಲು.

ಇನ್ನೊಂದು ಬಗೆಯಿದೆ. ಕಾಲಿಗೆ ಶಕ್ತಿಯೇ ಇಲ್ಲ ಅನ್ನುವವರನ್ನು ಮಲಗಿಸಿ ಇನ್ನೊಂದು ಕಾಲನ್ನು ಎತ್ತಿಸಿದಾಗ, ಬಿದ್ದ ಕಾಲಿನ ಹಿಮ್ಮಡಿ ತಾನಾಗಿ ಹಾಸಿಗೆ ಒತ್ತುತ್ತದೆಯೇ ಎಂದು ನೋಡುವ ಪರೀಕ್ಷೆಯನ್ನು ಅಮೆರಿಕದ ಡಾ. ಹೂವರ್ 1908ರಲ್ಲೇ ವಿವರಿಸಿದ್ದರು. ಒತ್ತಿದರೆ ನರದ ತಂತಿ ಸರಿಯಿದೆ, ಓಡಿಸುವ ಕ್ರಮ ತಪ್ಪಿದೆ ಎಂದರ್ಥ. ಅದು ನಾಟಕವಲ್ಲ, ದೆವ್ವವೂ ಅಲ್ಲ. ಫಿಸಿಯೋಥೆರಪಿ, ಮನೋಚಿಕಿತ್ಸೆಯಿಂದ ಅನೇಕರು ಸುಧಾರಿಸುತ್ತಾರೆ. ನರದ ರೋಗ, ಆತಂಕ ಎರಡೂ ಒಬ್ಬರಲ್ಲೇ ಇರುವುದೂ ಉಂಟು.

ಈ ಎರಡನ್ನೂ ಒಂದೇ ಆವರಣದಲ್ಲಿ ನೋಡುವ ನಿಮ್ಹಾನ್ಸ್, ನಮ್ಮೂರಿನ ಹೆಸರು ಹೊತ್ತ ಹೊಸೂರು ರಸ್ತೆಯಲ್ಲೇ ಇದೆ. ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸೇರಿ 1974ರಲ್ಲಿ ಆದದ್ದು. ‘ಹುಚ್ಚಾಸ್ಪತ್ರೆ’ ಎಂದು ಅಳುಕುವವರು ಇನ್ನೂ ಇದ್ದಾರಲ್ಲ! ಅಲ್ಲಿ ನರರೋಗ ವಿಭಾಗವೂ ಇದೆ ಸ್ವಾಮಿ. ಆತಂಕಕ್ಕೆ ಮೊದಲು ಮಾತಾಡಬೇಕೆಂದರೆ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೂ ತಮಿಳಿನಲ್ಲೂ.

ಆದರೆ ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾದರೆ, ಒಂದು ಕೈ ಬಿದ್ದರೆ, ಮಾತು ತೊದಲಿದರೆ ಟೆನ್ಷನ್ ಅಂತ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆ ಸೇರಿ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವುದು ಸುಮಾರು ನಾಲ್ಕೂವರೆ ಗಂಟೆ.

ಉಳಿದವರು ಹೋಗುವಾಗ ನಡುಕದ, ಫಿಟ್ಸ್‌ನ ವಿಡಿಯೋ ಮೊಬೈಲ್‌ನಲ್ಲಿ ಹಿಡಿದಿರಲಿ. ನುಂಗುತ್ತಿರುವ ಮಾತ್ರೆಗಳ ಚೀಟಿಯೂ ಜೊತೆಗಿರಲಿ. ತಲೆಸುತ್ತಿಗೆಂದು ತಿಂಗಳುಗಟ್ಟಲೆ ತಿನ್ನುವ ಸಿನ್ನರಿಜಿನ್‌ನಂಥ ಮಾತ್ರೆಯಿಂದಲೇ ಕೈ ನಡುಗುವುದುಂಟು.