ವಿಷ ಊರಿನಲ್ಲಿ, ಮದ್ದು ದೂರದಲ್ಲಿ

ಸಿದ್ದಾಪುರವೆಂದೊಡನೆ ಮಲೆನಾಡಿಗರಿಗೆ ನೆನಪಾಗುವುದು ಉತ್ತರ ಕನ್ನಡದ ತಾಲೂಕು ಕೇಂದ್ರ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲೂಕಿನಲ್ಲಿಯೂ ಒಂದು ಸಿದ್ದಾಪುರವಿದೆ. 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದ ಅಶೋಕನ ಶಾಸನಗಳಿಂದ ಹೆಸರಾದ ಊರು ಅದು. ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿರುವುದಾಗಿ ಅದೇ ಅರಸ ಗಿರ್ನಾರಿನ ಬಂಡೆಯ ಮೇಲೆ ಬರೆಸಿದ್ದಾನೆ. ಇಂದು ಈ ಶೇಂಗಾ ಸೀಮೆಯ ರೈತನಿಗೆ ಕೀಟನಾಶಕ ಹತ್ತಿರದ ಪೇಟೆಯಲ್ಲೇ ಸಿಗುತ್ತದೆ. ಅದು ಮೈಗೇರಿದರೆ ಮಾತ್ರ ಬಳ್ಳಾರಿಗೋ ಚಿತ್ರದುರ್ಗಕ್ಕೋ ಓಡಬೇಕು.

ಈ ದೂರದ ಬೆಲೆ ಎಷ್ಟೆಂಬುದನ್ನು ಚಾಮರಾಜನಗರ ಜಿಲ್ಲೆಯ ಸುಳ್ವಾಡಿ ತೋರಿಸಿದೆ. 2018ರ ಡಿಸೆಂಬರ್ 14ರಂದು ಅಲ್ಲಿನ ಮಾರಮ್ಮನ ಗುಡಿಯ ಪ್ರಸಾದ ತಿಂದ ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು. 17 ಮಂದಿ ಅಸುನೀಗಿದರು. ಪ್ರಸಾದದಲ್ಲಿ ಬೆರೆತಿದ್ದುದು ಮೊನೊಕ್ರೊಟೊಫಾಸ್. ಕೃತ್ಯ ಯಾರದೆಂಬುದು ನ್ಯಾಯಾಲಯದ ವಿಷಯ. ಇಲ್ಲಿ ಗಮನಿಸಬೇಕಾದುದು, ಉಸಿರಾಟದ ಯಂತ್ರಗಳಿಗಾಗಿ ರೋಗಿಗಳನ್ನು ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಮೈಸೂರಿಗೆ ಸಾಗಿಸಬೇಕಾಯಿತೆಂಬುದನ್ನು.

ಸಾವಯವ ರಂಜಕದ ವಿಷ ನರಗಳ ಸಂದೇಶವನ್ನು ನಿಲ್ಲಿಸುವ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಜೊಲ್ಲು, ಬೆವರು ಸುರಿದು, ಕಣ್ಣಿನ ಪಾಪೆ ಸಣ್ಣದಾಗಿ, ಶ್ವಾಸಕೋಶದಲ್ಲಿ ದ್ರವ ತುಂಬುತ್ತದೆ. ಇದಕ್ಕೆ ಅಟ್ರೋಪಿನ್ ಎಂಬ ಹಳೆಯ, ಅಗ್ಗದ ಚುಚ್ಚುಮದ್ದಿದೆ. ಎದೆ ಒಣಗುವವರೆಗೆ ಐದೈದು ನಿಮಿಷಕ್ಕೊಮ್ಮೆ ಅದರ ಪ್ರಮಾಣವನ್ನು ಇಮ್ಮಡಿಸುತ್ತ ಹೋಗಬೇಕು. ಸಾಮಾನ್ಯ ಆಂಪ್ಯೂಲೊಂದರಲ್ಲಿರುವುದು 0.6 ಮಿಲಿಗ್ರಾಂ, ತೀವ್ರವಾಗಿ ವಿಷವೇರಿದ ಒಬ್ಬನಿಗೇ ಹತ್ತಾರು ಬೇಕಾಗಬಹುದು. ಕಪಾಟಿನಲ್ಲಿ ನಾಲ್ಕು ಆಂಪ್ಯೂಲು ಇಟ್ಟುಕೊಂಡು ದಾಸ್ತಾನಿದೆಯೆಂದು ಬರೆಯುವುದು ಲೆಕ್ಕವಹಿಗೆ ಸರಿ, ರೋಗಿಗಲ್ಲ.

ಕೇಂದ್ರ ಸರ್ಕಾರ 2023ರಲ್ಲಿ ಮೊನೊಕ್ರೊಟೊಫಾಸ್ 36 ಎಸ್.ಎಲ್. ಅನ್ನು ನಿಷೇಧಿಸಿತು. ತಡವಾದರೂ ಸ್ವಾಗತಾರ್ಹ. ಆದರೆ ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್‌ಗಳು ಅದೇ ಕುಲದವು. ಕೀಟನಾಶಕ ಮಾರಲು ಪರವಾನಗಿ ಕೊಡುವ ಸರ್ಕಾರವೇ, ಆ ಅಂಗಡಿಯ ಗಿರಾಕಿಗಳು ಮೊದಲು ತಲುಪುವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಾಕಷ್ಟು ಅಟ್ರೋಪಿನ್, ಆಮ್ಲಜನಕ ಮತ್ತು ತರಬೇತಾದ ದಾದಿ ಇರುವಂತೆ ನೋಡಿಕೊಳ್ಳಬೇಕು. ಇದು ದಾನವಲ್ಲ, ಪರವಾನಗಿಯ ಮತ್ತೊಂದು ಮುಖ. ವಿಷದ ಲಕ್ಷಣ, ಪ್ರಥಮ ಚಿಕಿತ್ಸೆಗಳನ್ನು ಪ್ರಾದೇಶಿಕ ಭಾಷೆಯಲ್ಲಿಯೂ ತಿಳಿಸುವ ಚೀಟಿ ಪೊಟ್ಟಣದೊಳಗಿರಬೇಕೆಂದು 1971ರ ಕೀಟನಾಶಕ ನಿಯಮಗಳು ಹೇಳುತ್ತವೆ. ಇರುವೆಯ ಸಾಲಿನಂಥ ಆ ಅಕ್ಷರಗಳನ್ನು ಓದಬಲ್ಲ ರೈತರೆಷ್ಟು ಮಂದಿ? ವಿಷವನ್ನೇ 'ಔಷಧಿ' ಎಂದು ಕರೆಯುವ ನಾಡಿನಲ್ಲಿ ದೊಡ್ಡಕ್ಷರದ ಎಚ್ಚರಿಕೆ ಇನ್ನಷ್ಟು ಅಗತ್ಯ.

ಊರಿನವರಿಗೂ ಗೊತ್ತಿರಬೇಕಾದುದಿದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ರೂಢಿ ಅಪಾಯಕರ. ಪ್ರಜ್ಞೆ ಮಸುಕಾದವರ ಶ್ವಾಸಕೋಶಕ್ಕೇ ವಿಷ ಇಳಿಯುತ್ತದೆ. ಸಿಂಪಡಿಸುವಾಗ ಮೈಮೇಲೆ ಚೆಲ್ಲಿದರೆ ಬಟ್ಟೆ ಕಳಚಿ ಸೋಪಿನಿಂದ ತೊಳೆಯಬೇಕು, ತೊಳೆಯುವವರು ಬರಿಗೈಯಲ್ಲಿ ಮುಟ್ಟಬಾರದು. ಎಡಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಬೇಕು. ಬಾಟಲಿಯನ್ನು ಬೇಲಿಯಾಚೆ ಎಸೆಯದೆ ವೈದ್ಯರಿಗೆ ಒಪ್ಪಿಸಬೇಕು. ಮೈಸೇರಿದ ವಿಷ ಯಾವುದೆಂದು ಹೇಳಲು ಎಷ್ಟೋ ಸಲ ಅದೊಂದೇ ಸಾಕ್ಷಿ.